ದೇವರಿಗೆ ಚೇಷ್ಟಿ ಮಾಡಬಹುದು, ಬಾಜೂ ಮನಿಯವಗ ಬೆದರಿಕಿ ಹಾಕಾಕ ಬರಂಗಿಲ್ಲ

ಧಾರವಾಡದಾಗ ಕಾನೂನು ಓದೋ ಹುಡುಗೂರ ಮುಂದ ಮೊನ್ನೆ ಮಾತಾಡಿದ್ದೆ, ಅದನ್ನ ಬರದ ಕೊಡ್ರಿ ಸರ್ ಅಂತ ಕೇಳಿದ್ರು, ಅದಕ ಬರದೀನಿ. ಮಾತಾಡೂಮುಂದ ಹೆಂಗ ಬಂತೋ ಹಂಗ ಇಟ್ಟೀನಿ, ನಡುನಡುವ ಹುಡುಗೂರು ಕೇಳಿದ ಪ್ರಶ್ನೆನೂ ಅದಾವು.

ನೋಡ್ರಿ, ನೀವು ನನಗ ಕೊಟ್ಟ ವಿಷಯ ಧರ್ಮದ ವಿಡಂಬನೆ, ಅದರ ಮಿತಿ ಅಂತ. ನನ್ನ ಉತ್ತರ ಮೊದಲ ಹೇಳಿಬಿಡ್ತೀನಿ, ಆಮ್ಯಾಲೆ ಜಗಳಾಡೋಣಂತ. ದೇವರಿಗೆ, ಗ್ರಂಥಕ್ಕ, ಮಠಕ್ಕ, ಸ್ವಾಮಿಗೆ, ಮೌಲ್ವಿಗೆ, ಪಾದ್ರಿಗೆ ಚೇಷ್ಟಿ ಮಾಡೋ ಹಕ್ಕು ಎಲ್ಲಾರಿಗೂ ಇರಬೇಕು, ಅದಕ್ಕಂತ ಯಾರನ್ನೂ ಜೈಲಿಗೆ ಕಳಸಬಾರದು. ಆದ್ರ ಆ ದೇವರನ್ನ ನಂಬಿದ ಮನಿಷ್ಯಾಗ ‘ನಿನ್ನ ಈ ಓಣಿಯೊಳಗ ಬಾಳ್ವಿ ಮಾಡಾಕ ಬಿಡಂಗಿಲ್ಲ’ ಅಂತ ಹೇಳೋ ಹಕ್ಕು ಯಾರಿಗೂ ಇಲ್ಲ, ಅದನ್ನ ನಗಿಸಿಕೋಂತ ಹೇಳಿದ್ರೂ ಇಲ್ಲ. ನಾ ಗೆರಿ ಹಾಕೋದು ಇಲ್ಲಿ. ಯಾರಿಗೆ ಎಷ್ಟ ನೋವಾತು ಅನ್ನೋದರ ಮ್ಯಾಲೆ ಗೆರಿ ಹಾಕಾಕ ಹೋದ್ರ ಅದು ದಿನಾ ಒಂದೀಟ ಸರಕೋಂತ ಬರತೈತಿ, ಕಡೀಕ ನಿಂತು ಮಾತಾಡಾಕ ಜಾಗಾನ ಉಳಿಯಂಗಿಲ್ಲ.

ದೇವರ ಚೇಷ್ಟಿ ನಮ್ಮ ಕಡೆ ಮಂದಿಗೆ ಹೊಸಾದೇನಲ್ಲ. ಕಲ್ಲಿನ ನಾಗಪ್ಪಗ ಹಾಲ ಎರಿತೀರಿ, ಖರೇ ಹಾವು ಬಂದ್ರ ಬಡದ ಕೊಲ್ತೀರಿ ಅಂತ ಬಸವಣ್ಣ 12ನೇ ಶತಮಾನದಾಗ ಹೇಳಿದ್ದು, ನಾಗರಪಂಚಮಿ ಬಂದಾಗೊಮ್ಮೆ ಇವತ್ತಿಗೂ ಎಲ್ಲಾರ ಬಾಯಾಗ ಬರತೈತಿ. ಹಾವೇರಿ ಜಿಲ್ಲಾದ ಚೌಡದಾನಪುರದ ಅಂಬಿಗರ ಚೌಡಯ್ಯ ಹೊರಗ ಲಾಂಛನ ಹಾಕ್ಕೊಂಡು ಒಳಗ ಬ್ಯಾರೇನ ಇದ್ದವರಿಗೆ ಬೈದಿದ್ದು ಓದಿದ್ರ ಈಗಿನ ಯಾವ ಸ್ಟ್ಯಾಂಡಪ್ ಕಾಮಿಡಿಯನ್‌ಗೂ ಅಷ್ಟ ಧೈರ್ಯ ಇಲ್ಲ ಅನಸತೈತಿ. ಶಿಗ್ಗಾವಿ ತಾಲೂಕಿನ ಶಿಶುನಾಳದ ಷರೀಫರು ಎರಡೂ ಕಡೆಯ ಢೋಂಗಿನ್ನ ಹಾಡಿನಾಗ ಎಳದ ಹಾಕಿದ್ರು, 1889ರಾಗ ತೀರಿಕೊಂಡ ಅವರ ಗದ್ದಿಗಿಗೆ ಇವತ್ತೂ ಎರಡೂ ಕಡೆಯವರು ಕಾಯಿ-ಸಕ್ಕರಿ ತಗೊಂಡ ಹೋಗ್ತಾರ.

ಪಾರಿಜಾತ ಆಟ ನೋಡಿದವರು ಎಷ್ಟ ಮಂದಿ ಅದೀರಿ, ಕೈ ಎತ್ರಿ. ಕಮ್ಮಿ. ಒಮ್ಮೆ ನೋಡ್ರಿ. ನಾರದ ತಂದ ಹೂವನ್ನ ಕೃಷ್ಣ ರುಕ್ಮಿಣಿಗೆ ಕೊಟ್ಟ, ಅದಕ್ಕ ಸತ್ಯಭಾಮಿಗೆ ಸಿಟ್ಟು ನೆತ್ತಿಗೇರಿತು, ಕತಿ ಅಂದ್ರ ಇಷ್ಟ. ಆದ್ರ ಆಟ ಬೆಳತನಕಾ ನಡಿತೈತಿ. ಕೃಷ್ಣನ ಪಾತ್ರದಾಂವ ಕಿರೀಟ ಹಾಕ್ಕೊಂಡ ಕಟ್ಟಿ ಮ್ಯಾಲೆ ಬಂದಕೂಡ್ಲೆ ಮುಂದ ಕುಂತ ಹೆಣ್ಣಮಕ್ಕಳು ಕೈ ಮುಗೀತಾರ್ರಿ, ಖರೇ ದೇವರ ಬಂದಂಗ. ಅರ್ಧಾ ತಾಸ ಆಗಿರಂಗಿಲ್ಲ, ಭಾಮಿ ಅವನ ಒಂದೊಂದ ಲಫಡಾ ತಗದು ಜಾಡಸಾಕ ಹತ್ತತಾಳ, ದೂತಿ ನಡುವ ಬಾಯಿ ಹಾಕತಾಳ, ಭಾಗವತ ದೂತಿಗೆ ಮಸ್ಕಿರಿ ಮಾಡ್ತಾನ, ಅದೇ ಹೆಣ್ಣಮಕ್ಕಳು ಸೆರಗು ಬಾಯಿಗೆ ಒತ್ಕೊಂಡು ನಗ್ತಾರ, ಯಾರೋ ಎದ್ದ ಹೋಗಿ ದೂತಿಗೆ ಆಯಾರ ಮಾಡ್ತಾರ, ಅವರ ಹೆಸರು ಮೈಕಿನಾಗ ಕೂಗ್ತಾರ. ಕೈ ಮುಗದಿದ್ದೂ ಸುಳ್ಳಲ್ಲ, ನಕ್ಕಿದ್ದೂ ಸುಳ್ಳಲ್ಲ. ಭಕ್ತಿ ಗಟ್ಟಿ ಇದ್ದಲ್ಲಿ ದೇವರಿಗೆ ಬೈಯಾಕೂ ಬರತೈತಿ, ಬೈದ ಮ್ಯಾಲೂ ದೇವರು ದೇವರಾಗೇ ಉಳೀತಾನ.

ಆದ್ರ ಇದನ್ನ ಹೇಳಿ ‘ನಮ್ಮ ಹಿರಿಯರು ಭಾರಿ ಸಹನಶೀಲರು’ ಅಂತ ಚಪ್ಪಾಳಿ ತಗೊಂಡ ಹೋಗಾಕ ನಾ ಬಂದಿಲ್ಲ. ಕಲ್ಯಾಣದಾಗ ಶರಣರಿಗೆ ಏನಾತು ಅಂತ ನಿಮಗ ಗೊತ್ತೈತಿ, ಹರಳಯ್ಯ ಮಧುವರಸರನ್ನ ಎಳಿಹೂಟಿ ಕೊಟ್ಟು, ಅಂದ್ರ ಆನಿ ಕಾಲಿಗೆ ಕಟ್ಟಿ ಎಳಸಿ, ಕೊಂದ್ರು ಅಂತನ ನಮ್ಮ ಪುರಾಣ ಹೇಳ್ತಾವು. ಇನ್ನ ಕಟ್ಟಿ ಮ್ಯಾಲೆ ನಿಂತು ಚೇಷ್ಟಿ ಮಾಡೋ ಹಕ್ಕು ಊರಾಗ ಎಲ್ಲಾರಿಗೂ ಇರಲಿಲ್ಲ. ಗೌಡರ ಮಗ ದೇವರ ಬಗ್ಗೆ ಆಡಿದ ಮಾತನ್ನ ಕೇರಿ ಹುಡುಗ ಆಡಿದ್ದಿದ್ರ ಅವತ್ತ ರಾತ್ರಿ ಅವನ ಮನಿ ಮುಂದ ಯಾರ ಹೋಗಿ ನಿಲ್ತಿದ್ರು ಅಂತ ನಿಮ್ಮ ನಿಮ್ಮ ಊರಾಗ ವಿಚಾರ ಮಾಡಿ ನೋಡ್ರಿ. ಹಂಗಾಗಿ ಹಳೇ ಕಾಲಕ್ಕ ವಾಪಸ್ ಹೋಗೋಣ ಅನ್ನೋದು ನನ್ನ ಮಾತಲ್ಲ. ಅವತ್ತಿನ ಚೇಷ್ಟಿಯೊಳಗ ಒಂದು ಗುಣ ಇತ್ತು, ಅದನ್ನಷ್ಟ ಹಿಡಕೋಬೇಕು: ಚೇಷ್ಟಿ ಮಾಡಿದಾಂವ ಎದುರಿಗೆ ಇರ್ತಿದ್ದ, ತನ್ನ ದೇವರನ್ನೂ ಬಿಡ್ತಿರಲಿಲ್ಲ, ಮರದಿನ ಅದೇ ಮಂದಿ ನಡುವ ಅದೇ ಹಳ್ಳದ ನೀರ ಕುಡೀಬೇಕಾಗಿತ್ತು.

ಈಗ ಫೋನ್ ಬಂದೈತಿ. ಹುಬ್ಬಳ್ಳಿ ವಿಷಯ ಹೇಳದ ಮುಂದ ಹೋದ್ರ ಅದು ಕಳ್ಳತನ ಆಗತೈತಿ. 2022ರ ಏಪ್ರಿಲ್ 16, ರಾತ್ರಿ. ಒಬ್ಬ ಹುಡುಗ ಮಸೀದಿ ಮ್ಯಾಲೆ ಭಗವಾ ಧ್ವಜ ಹಾರಿಸಿದಂಗ ಎಡಿಟ್ ಮಾಡಿದ ಚಿತ್ರಾನ ಸ್ಟೇಟಸ್ ಇಟ್ಟ. ಕಂಪ್ಲೇಂಟ್ ಬಂತು, ಪೊಲೀಸರು ಅವನ್ನ ಹಿಡದ್ರು. ಆದ್ರೂ ಹಳೇ ಹುಬ್ಬಳ್ಳಿ ಪೊಲೀಸ್ ಸ್ಟೇಷನ್ ಮುಂದ ಮಂದಿ ಕೂಡಿತು, ಕಲ್ಲು ಬಿದ್ದವು, ಪೊಲೀಸರಿಗೆ ಗಾಯ ಆದವು, ನೂರಕ್ಕಿಂತ ಹೆಚ್ಚ ಮಂದಿ ಜೈಲಿಗೆ ಹೋದ್ರು, ಭಯೋತ್ಪಾದನೆ ತಡಿಯಾಕ ಇರೋ ಯುಎಪಿಎ ಕಾನೂನು ಹಚ್ಚಿದ್ರು. ಸರ್ಕಾರ 2024ರಾಗ ಕೇಸ್ ವಾಪಸ್ ತಗೋಳಾಕ ಹೊಂಟಿತ್ತು, ಹೈಕೋರ್ಟ್ 2025ರಾಗ ಆ ಆದೇಶಾನ ರದ್ದು ಮಾಡಿತು.

ಇದರಾಗ ನನಗ ಕಾಣೋದು ಹೇಳ್ತೀನಿ, ಎರಡೂ ಕಡೆಯವರಿಗೆ ಸಿಟ್ಟ ಬಂದ್ರೂ ಬರಲಿ. ಆ ಚಿತ್ರ ವಿಡಂಬನೆ ಅಲ್ಲ. ಅದರಾಗ ಯಾವ ಮೌಲ್ವಿಯ ಢೋಂಗೂ ಬೈಲಿಗೆ ಬಂದಿಲ್ಲ, ಯಾವ ನಂಬಿಕಿಗೂ ಪ್ರಶ್ನೆ ಹಾಕಿಲ್ಲ. ‘ನಿಮ್ಮ ಜಾಗಾ ನಮ್ಮದು’ ಅಂತಷ್ಟ ಹೇಳಿತು. ಅದು ಬೆದರಿಕಿ, ಸಣ್ಣದಿರಬಹುದು, ಆದ್ರೂ ಬೆದರಿಕಿನ. ಇನ್ನ ಆ ಕಡೆ ನೋಡ್ರಿ. ಕಾನೂನು ಏನ್ ಮಾಡಬೇಕಿತ್ತೋ ಮಾಡಿತ್ತು, ಹುಡುಗ ಸ್ಟೇಷನ್ನಿನಾಗ ಇದ್ದ. ಅದಾದ ಮ್ಯಾಲೂ ಕಲ್ಲು ಎತ್ತಿದ್ದಕ್ಕ ನೋವು ಅನ್ನೋ ಕಾರಣ ಸಾಕಾಗಂಗಿಲ್ಲ. ಕಲ್ಲು ಎತ್ತಿದವರ ಸಿಟ್ಟಿಗೆ ಜೈಲಿನಾಗ ಕುಂತವರ ಮನಿಯವರು ಬೆಲೆ ತೆತ್ರು, ಅವರೊಳಗ ಅವತ್ತ ಬರೇ ಏನಾತು ಅಂತ ನೋಡಾಕ ಹೋಗಿದ್ದ ಹುಡುಗೂರೂ ಇದ್ರು ಅಂತ ಅವರ ಮನಿ ಮಂದಿ ಹೇಳ್ತಾರ.

ಇನ್ನ ಕಾನೂನಿಗೆ ಬರ್ರಿ, ನೀವು ಓದೋದ ಅದು. ಧಾರ್ಮಿಕ ಭಾವನೆ ಕೆರಳಸಾಕ ಬೇಕಂತ ಧರ್ಮಕ್ಕ ಅಪಮಾನ ಮಾಡೋದನ್ನ ಅಪರಾಧ ಅನ್ನೋ ಐಪಿಸಿ (ಭಾರತೀಯ ದಂಡಸಂಹಿತೆ) 295ಎ ಕಲಂ 1927ರಾಗ ಸೇರಿದ್ದು. ಲಾಹೋರಿನಾಗ ಪ್ರವಾದಿಯವರ ಬಗ್ಗೆ ಕೆಟ್ಟದಾಗಿ ಬರದ ಒಂದು ಸಣ್ಣ ಪುಸ್ತಕಾನ ರಾಜಪಾಲ್ ಅನ್ನೋ ಪ್ರಕಾಶಕ ಅಚ್ಚು ಹಾಕಿಸಿದ್ದ, ಕೋಮುಗಳ ನಡುವ ದ್ವೇಷ ಅನ್ನೋ ಕಲಂನಾಗ ಕೇಸ್ ಹಾಕಿದ್ರು, ಹೈಕೋರ್ಟ್ ಆ ಕಲಂ ಇದಕ್ಕ ಹೊಂದಂಗಿಲ್ಲ ಅಂತ ಬಿಟ್ಟಿತು, ಗದ್ಲ ಎದ್ದಿತು, ಬ್ರಿಟಿಷರು ಹೊಸಾ ಕಲಂ ತಂದ್ರು. ಕಲಂ ಬಂದು ಎರಡ ವರ್ಷಕ್ಕ, 1929ರಾಗ, ರಾಜಪಾಲನ್ನ ಅವನ ಅಂಗಡಿಯೊಳಗ ಇರಿದು ಕೊಂದ್ರು. ಮಂದಿ ಸಿಟ್ಟ ಇಳಸಾಕ ಅಂತ ತಂದ ಕಾನೂನು ಆ ಕೊಲಿ ತಪ್ಪಸಲಿಲ್ಲ. ದೇಶ ಒಡದ ಮ್ಯಾಲೆ ಅದೇ 1860ರ ದಂಡಸಂಹಿತೆ ಪಾಕಿಸ್ತಾನಕ್ಕೂ ಹೋತು. ಅಲ್ಲಿ 1982ರಾಗ ಕುರಾನ್‌ಗೆ ಅಪಮಾನ ಮಾಡಿದ್ದಕ್ಕ ಅಂತ 295ಬಿ, 1986ರಾಗ ಪ್ರವಾದಿಯವರಿಗೆ ಅಪಮಾನ ಮಾಡಿದ್ದಕ್ಕ ಅಂತ 295ಸಿ ಸೇರಿಸಿದ್ರು, ಈ 295ಸಿಯೊಳಗ ಮರಣದಂಡನೆ. 2011ರಾಗ ಈ ಕಾನೂನು ಸರಿ ಇಲ್ಲ ಅಂದ ಪಂಜಾಬಿನ ಗವರ್ನರ್ ಸಲ್ಮಾನ್ ತಾಸೀರನ್ನ ಅವರ ಕಾವಲಿಗೆ ಇದ್ದ ಪೊಲೀಸನ ಗುಂಡ ಹಾಕಿ ಕೊಂದ. ಕಾನೂನಿನ ಬಗ್ಗೆ ಮಾತಾಡೋದ ಧರ್ಮನಿಂದೆ ಆಗಿಬಿಟ್ಟಿತ್ತು. ನೋವಿನ ಮ್ಯಾಲೆ ಗೆರಿ ಹಾಕಿದ್ರ ಅದು ಎಲ್ಲೀತನಕಾ ಸರೀತೈತಿ ಅಂದ್ರ ಅಲ್ಲೀತನಕಾ.

ನಮ್ಮಲ್ಲಿ ಸಂವಿಧಾನ ಐತಿ, ಅದು ದೊಡ್ಡ ಫರಕು. ಅದರ 19(2)ನೇ ವಿಧಿ ತಗದ ನೋಡ್ರಿ, ಮಾತಿಗೆ ಕಟ್ಟು ಹಾಕಾಕ ಕೊಟ್ಟ ಕಾರಣದಾಗ ಸಾರ್ವಜನಿಕ ಶಾಂತಿ ಐತಿ, ಸಭ್ಯತೆ ಐತಿ, ಅಪರಾಧಕ್ಕ ಪ್ರಚೋದನೆ ಐತಿ, ಧಾರ್ಮಿಕ ಭಾವನೆ ಅನ್ನೋದು ಇಲ್ಲ. 1957ರಾಗ ರಾಮ್‌ಜಿ ಲಾಲ್ ಮೋದಿ ಕೇಸಿನಾಗ ಸುಪ್ರೀಂ ಕೋರ್ಟ್ 295ಎ ಉಳಿಸಿತು, ಶಾಂತಿ ಅನ್ನೋ ಬಾಗಲದಿಂದನ ಉಳಿಸಿತು. ಆದ್ರ ಬೇಕಂತ, ದುರುದ್ದೇಶ ಇಟ್ಕೊಂಡು ಮಾಡಿದ ಅಪಮಾನ ಇರಬೇಕು, ತಿಳೀದ ಆಡಿದ ಮಾತು, ಅಜಾಗರೂಕತೆಯಿಂದ ಆಡಿದ ಮಾತು ಇದರಾಗ ಬರಂಗಿಲ್ಲ ಅಂತನೂ ಹೇಳಿತು. ಒಂದು ಬಿಸಿನೆಸ್ ಪತ್ರಿಕಿ ಮುಖಪುಟದಾಗ ಧೋನಿನ್ನ ವಿಷ್ಣುವಿನಂಗ ತೋರಿಸಿದ್ದಕ್ಕ ಹಾಕಿದ ಕೇಸನ್ನ 2017ರಾಗ ಕಿತ್ತ ಹಾಕಿದ್ದೂ ಇದೇ ತತ್ವದ ಮ್ಯಾಲೆ. ಈಗ 2024ರ ಜುಲೈ 1ರಿಂದ ಈ ಕಲಂ, ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೊಳಗ, 299 ಆಗೈತಿ, ಶಿಕ್ಷೆ ಅಷ್ಟ, ಮೂರು ವರ್ಷದ ತನಕಾ.

ತೀರ್ಪು ಎಲ್ಲಾ ಚಲೋ ಅದಾವು. ತೊಂದರಿ ಇರೋದು ತೀರ್ಪಿನ ತನಕಾ ಹೋಗೋ ದಾರಿಯೊಳಗ. ಒಂದು ಕೇಸ್ ಹೇಳ್ತೀನಿ, ಹೆಸರು ಊರು ಕೇಳಬ್ಯಾಡ್ರಿ. ಐಟಿಐ ಮುಗಿಸಿದ ಹುಡುಗ. ತಮ್ಮದೇ ಮಠದ ಅಜ್ಜಾರು ಹೊಸಾ ದೊಡ್ಡ ಕಾರಿನ್ಯಾಗ ಬಂದಿದ್ರು, ಆ ಫೋಟೋಕ್ಕ ವೈರಾಗ್ಯದ ಬಗ್ಗೆ ಒಂದು ಸಾಲು ಬರದು ಗ್ರೂಪಿಗೆ ಹಾಕಿದ. ಯಾರೋ ಸ್ಕ್ರೀನ್‌ಶಾಟ್ ತಗೊಂಡ ಸ್ಟೇಷನ್ನಿಗೆ ಹೋದ್ರು. ರಾತ್ರಿ ಊಟಕ್ಕ ಕುಂತಾಗ ಎಬ್ಬಿಸಿಕೊಂಡ ಹೋದ್ರು, ಫೋನ್ ಜಪ್ತಿ, ಮರದಿನ ರಿಮಾಂಡ್. ಏಳ ವರ್ಷದ ಒಳಗಿನ ಶಿಕ್ಷೆ ಇರೋ ಅಪರಾಧದಾಗ ಸುಮ್ಮ ಸುಮ್ಮನ ಅರೆಸ್ಟ್ ಮಾಡಬ್ಯಾಡ್ರಿ, ನೋಟಿಸ್ ಕೊಟ್ಟ ಕರೀರಿ ಅಂತ ಅರ್ನೇಶ್ ಕುಮಾರ್ ಕೇಸಿನಾಗ 2014ರಾಗನ ಸುಪ್ರೀಂ ಕೋರ್ಟ್ ಹೇಳೈತಿ, ಆ ಕಾಗದ ತೋರಿಸೋ ಹೊತ್ತಿಗೆ ಹುಡುಗ ಒಳಗ ಹೋಗಿಬಿಟ್ಟಿದ್ದ. ಬೇಲ್ ಸಿಕ್ಕಿತು. ಆದ್ರ ಹುಬ್ಬಳ್ಳಿಯೊಳಗ ಸೇರಬೇಕಾಗಿದ್ದ ಕೆಲಸ ಹೋತು. ಈ ಕಲಂನಾಗ ಕೋರ್ಟ್ ಕೇಸನ್ನ ಕೈಗೆ ತಗೋಬೇಕಂದ್ರ ಸರ್ಕಾರದ ಮಂಜೂರಾತಿ ಬೇಕು, ಆದ್ರ ಅರೆಸ್ಟ್ ಮಾಡಾಕ ಬ್ಯಾಡ. ಇದನ್ನ ಚಂದಂಗ ತಿಳಕೋರಿ. ಮೊದಲ ಮನಿಷ್ಯಾ ಒಳಗ ಹೋಗ್ತಾನ, ಕೇಸ್ ನಡಸಬೇಕೋ ಬ್ಯಾಡೋ ಅಂತ ಆಮ್ಯಾಲೆ ಯಾವದೋ ಟೇಬಲ್ ಮ್ಯಾಲೆ ವಿಚಾರ ನಡೀತೈತಿ. ಅವನ ಫೈಲು ಅಲ್ಲೇ ಕುಂತೈತಿ, ತಪ್ಪಿತಸ್ಥನೂ ಅಲ್ಲ, ಬಿಡುಗಡೆನೂ ಇಲ್ಲ.

ಅವನ ಅವ್ವ ನನ್ನ ಆಫೀಸಿಗೆ ಬರ್ತಾಳ. ಆಕಿ ಪ್ರತಿ ಅಮಾವಾಸಿಗೆ ಅದೇ ಮಠಕ್ಕ ಹೋಗಾಕಿ, ಪರ್ಸಿನಾಗ ಅದೇ ಅಜ್ಜಾರ ಫೋಟೋ ಇಟ್ಕೊಂಡಾಳ. ಒಂದಿನ ಹೇಳಿದ್ಲು, “ಅಣ್ಣಾರ, ಅಜ್ಜಾರಿಗೆ ಬ್ಯಾಸರಾಗಿದ್ರ ಕರದು ನಾಕ ಮಂದಿ ಮುಂದ ಬೈತಿದ್ರು, ನನ್ನ ಮಗ ಕಾಲಿಗೆ ಬೀಳ್ತಿದ್ದ, ಮುಗೀತಿತ್ತು. ಅಜ್ಜಾರಿಗೆ ಇದು ಗೊತ್ತ ಇಲ್ಲಂತ್ರಿ. ನಡುವ ಇವರ್ಯಾರು?” ನಾ ಇಷ್ಟ ವರ್ಷ ವಕೀಲಿ ಮಾಡಿದ್ರೂ ಆಕಿಗೆ ಕೊಡಾಕ ಉತ್ತರ ಇರಲಿಲ್ಲ. ಈ ಕಲಂನ ಖರೇ ಹೂರಣ ಆಕಿ ಬಾಯಾಗ ಬಂದಿತ್ತು: ಯಾರಿಗೆ ಅಪಮಾನ ಆತಂತ ಕೇಸ್ ಆಗೈತೋ ಅವರನ್ನ ಯಾರೂ ಕೇಳಂಗಿಲ್ಲ, ಅವರ ಹೆಸರಿನಾಗ ಹೊಯ್ಕೊಳ್ಳೋರಿಗೆ ಅಧಿಕಾರ ಸಿಗತೈತಿ.

ಇಲ್ಲೇ ಒಬ್ಬ ಹುಡುಗ ಎದ್ದು ಕೇಳಿದ: “ಸರ್, ನಮ್ಮ ದೇವರಿಗಾದ್ರ ಯಾರ ಬೇಕಾದ್ರೂ ಚೇಷ್ಟಿ ಮಾಡ್ತಾರ, ಅವರದ್ದು ಮಾಡಿದ್ರ ತಲಿ ಹೋಗತೈತಿ, ನೀವು ಇದನ್ನ ಯಾಕ ಹೇಳವಲ್ರಿ?”

ಹೇಳ್ತೀನಿ ತಮ್ಮಾ. 2015ರ ಜನವರಿ 7ಕ್ಕ ಪ್ಯಾರಿಸ್ಸಿನಾಗ ಶಾರ್ಲಿ ಎಬ್ಡೋ ಪತ್ರಿಕಿ ಆಫೀಸಿಗೆ ನುಗ್ಗಿ 12 ಮಂದಿನ್ನ ಕೊಂದ್ರು, ಪ್ರವಾದಿಯವರ ವ್ಯಂಗ್ಯಚಿತ್ರ ಹಾಕಿದ್ದಕ್ಕ. ಅದಕ್ಕ ‘ಆದ್ರ’ ಅಂತ ಯಾವ ಮಾತೂ ನಾ ಸೇರಸಂಗಿಲ್ಲ. ಆ ಚಿತ್ರದಾಗ ಕೆಲವು ನನಗ ಸೇರಂಗಿಲ್ಲ, ಆ ದೇಶದಾಗ ಮದಲ ಮೂಲಿಗೆ ಬಿದ್ದ ಮಂದಿನ್ನ ಇನ್ನೂ ಮೂಲಿಗೆ ಒತ್ತತಾವು ಅನಸತೈತಿ, ಅದನ್ನ ನಾ ಬರದು ಹೇಳ್ತೀನಿ, ಅಷ್ಟ. ಆದ್ರ ಅದೇ ವರ್ಷ ಆಗಸ್ಟ್ 30, ರವಿವಾರ ಮುಂಜಾನೆ, ಇದೇ ಊರಿನ ಕಲ್ಯಾಣ ನಗರದಾಗ ಸಂಶೋಧಕ ಎಂ.ಎಂ. ಕಲಬುರ್ಗಿಯವರ ಮನಿಗೆ ಮಾತಾಡಸಾಕ ಬಂದವರಂಗ ಬಂದು ಗುಂಡ ಹಾಕಿ ಅವರನ್ನ ಕೊಂದ್ರು. 76 ವರ್ಷದ ಮನಿಷ್ಯಾ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿ ಆಗಿದ್ದವರು, ಜೀವನಾ ಪೂರ್ತಿ ವಚನದ ಹಸ್ತಪ್ರತಿ ಹುಡಕೋದ್ರಾಗ ಕಳದವರು. ಅವರು ಚೇಷ್ಟಿ ಮಾಡೋರೂ ಅಲ್ಲ. 1980ರ ದಶಕದಾಗ ಅವರ ಸಂಶೋಧನೆಗೆ ಗದ್ಲ ಎದ್ದಿತ್ತು, 2014ರಾಗ ಮೂರ್ತಿಪೂಜೆ ಬಗ್ಗೆ ಬೆಂಗಳೂರಿನಾಗ ಆಡಿದ ಮಾತಿಗೆ ಕಂಪ್ಲೇಂಟ್ ಆಗಿತ್ತು. ನೋವಾತು ಅಂತ ಬಂದೂಕು ಹಿಡಿಯೋರಿಗೆ ವಿಡಂಬನೆ ಯಾವದು, ಸಂಶೋಧನೆ ಯಾವದು ಅಂತ ಫರಕು ಇರಂಗಿಲ್ಲ. ಹಂಗಾಗಿ ‘ಅವರಷ್ಟ ಕೊಲ್ತಾರ’ ಅನ್ನೋ ಮಾತನ್ನ ಬ್ಯಾರೆ ಎಲ್ಲೇ ಆಡು, ಧಾರವಾಡದಾಗ ಕುಂತ ಆಡಬ್ಯಾಡ. ಈ ಊರು ಅದನ್ನ ಕೇಳೋ ಸ್ಥಿತಿಯೊಳಗ ಇಲ್ಲ.

ಆಮ್ಯಾಲೆ ಹಿಂದಿನ ಬೆಂಚಿನಿಂದ ಒಬ್ಬ ಮುಸ್ಲಿಂ ಹುಡುಗ, ಸಾವಕಾಶ ಎದ್ದು, “ಸರ್, ನಿಮಗ ಹೇಳಾಕ ಸುಲಭ. ಪ್ರವಾದಿಯವರ ಬಗ್ಗೆ ಹೊಲಸ ಮಾತಾಡಿದ ವಿಡಿಯೋ ಬಂದಾಗ ನಮ್ಮಪ್ಪ ಎರಡ ದಿನ ಊಟ ಮಾಡಲಿಲ್ಲ. ಆ ನೋವಿಗೆ ಕಾನೂನಿನಾಗ ಜಾಗಾನ ಇಲ್ಲೇನು?” ಅಂದ.

ಇದಕ್ಕ ನಾ ಗಡಿಬಿಡಿಯಿಂದ ಉತ್ತರ ಕೊಡಲಿಲ್ಲ, ಇಲ್ಲೂ ಕೊಡಂಗಿಲ್ಲ. ನಿಮ್ಮಪ್ಪನ ನೋವು ಖರೇ ಐತಿ. ನಂಬಿಕಿ ಅಂದ್ರ ಕೆಲವರಿಗೆ ತಾಯಿಗಿಂತ ಹೆಚ್ಚ, ಅದಕ್ಕ ಹೊಲಸ ಹಚ್ಚಿದ್ರ ಉರಿಬ್ಯಾಡ ಅನ್ನೋ ಹಕ್ಕು ನನಗಿಲ್ಲ. ಆ ವಿಡಿಯೋ ಮಾಡಿದಾಂವ ಕೆಟ್ಟ ಕೆಲಸ ಮಾಡ್ಯಾನ ಅಂತ ನಾ ನಿನ್ನ ಬಾಜೂ ನಿಂತು ಹೇಳ್ತೀನಿ. ಡಿಸಿ ಆಫೀಸ್ ಮುಂದ ಧರಣಿ ಕುಂದ್ರ್ರಿ, ಬರೀರಿ, ಅವನ ಚಾನೆಲ್ಲಿಗೆ ಬಹಿಷ್ಕಾರ ಹಾಕ್ರಿ, ನಾನೂ ಬರ್ತೀನಿ. ಆದ್ರ ನೋವನ್ನ ಅಳತಿ ಮಾಡೋ ಕೆಲಸ ಪೊಲೀಸರ ಕೈಗೆ ಕೊಟ್ರ ಅವರು ಯಾರ ನೋವನ್ನ ಮೊದಲ ಅಳೀತಾರ? ಮಂದಿ ಹೆಚ್ಚ ಇದ್ದವರದ್ದು, ಎಂಎಲ್‌ಎ ಫೋನ್ ಮಾಡಿಸೋರದ್ದು. ಈ ಕಲಂ ಉಳದಷ್ಟ ದಿನ ಅದು ನಿನಗ ಕಾವಲಿ ಆಗೋದಕ್ಕಿಂತ ನಿನ್ನ ಮ್ಯಾಲೆ ಬೀಳೋದ ಹೆಚ್ಚ. ಅಂವ ಗೋಣ ಹಾಕಿದ, ಒಪ್ಪಿದ ಅಂತೇನಲ್ಲ. ಒಪ್ಪಬೇಕಂತ ನನ್ನ ಹಟಾನೂ ಇಲ್ಲ.

ಹಂಗಾರ ಕಾನೂನು ಯಾವದಕ್ಕ ಬೇಕು? 2020ರ ಕೊರೊನಾ ಹೊತ್ತಿನಾಗ ಫೋನಿನ್ಯಾಗ ಬಂದ ಜೋಕ್ ನೆನಪ ಮಾಡ್ಕೋರಿ. ಕಾಯಿಪಲ್ಲೆ ಗಾಡಿ ದಬ್ಬಕೊಂಡ ಬರೋ ಸಾಬರಾಂವ ಅದಕ್ಕ ಉಗುಳಿ ಕೊಡ್ತಾನ ಅನ್ನೋ ಮೀಮ್, ನಗೂ ಮಾರಿ ಇಮೋಜಿ ಹಚ್ಚಿ ಕಳಸ್ತಿದ್ರು. ಅದರಾಗ ದೇವರಿಲ್ಲ, ಪ್ರವಾದಿ ಇಲ್ಲ, ಗ್ರಂಥ ಇಲ್ಲ. ಯಾರ ಧಾರ್ಮಿಕ ಭಾವನೆನೂ ಅದರಾಗ ಬರಂಗಿಲ್ಲ. ಆದ್ರ ಅದರಿಂದ ಗಾಡಿಯಾಂವಗ ಓಣಿ ಬಾಗಲಾ ಮುಚ್ಚಿದ್ವು, ಅವನ ಮನಿ ಒಲಿ ಆರಿತು. ದೇವರಿಗೆ ಚೇಷ್ಟಿ ಮಾಡಿದ್ದಕ್ಕ ಹುಡುಗನ್ನ ರಾತ್ರಿ ಎಬ್ಬಿಸಿಕೊಂಡ ಹೋಗೋ ಪೊಲೀಸರು ಇದಕ್ಕ ಎಷ್ಟ ಮನಿ ಬಾಗಲಾ ಬಡದ್ರು? ಹಿಂಗ ಒಂದು ಜಾತಿ, ಒಂದು ಕೋಮಿನ ಮಂದಿನ್ನ ಹೊರಗ ಹಾಕ್ರಿ, ಬಡೀರಿ ಅಂತ ಹೇಳೋದು, ಸುಳ್ಳ ಫೋಟೋ ಮಾಡಿ ಅವರ ಹೆಸರಿಗೆ ಹಚ್ಚೋದು, ಇದಕ್ಕ ಕಾನೂನು ಬೇಕು, ಗಟ್ಟಿ ಇರಬೇಕು. 2015ರ ಮಾರ್ಚ್‌ನಾಗ, ಆನ್‌ಲೈನ್ ಮಾತಿಗೆ ಶಿಕ್ಷೆ ಕೊಡ್ತಿದ್ದ ಐಟಿ ಕಾಯ್ದೆಯ 66ಎ ಕಲಂ ಕಿತ್ತ ಹಾಕಿದ ಶ್ರೇಯಾ ಸಿಂಘಲ್ ತೀರ್ಪಿನಾಗ ಚರ್ಚೆ ಬ್ಯಾರೆ, ಪ್ರತಿಪಾದನೆ ಬ್ಯಾರೆ, ಪ್ರಚೋದನೆ ಬ್ಯಾರೆ, ಕಟ್ಟು ಬೀಳೋದು ಪ್ರಚೋದನೆಗೆ ಬಂದಾಗ ಅಂತ ಬರದಾರ, ಪರೀಕ್ಷೆಕ್ಕಲ್ಲ, ಮನಸಿಗೆ ಓದ್ರಿ. 2025ರ ಮಾರ್ಚ್ 28ರ ಇಮ್ರಾನ್ ಪ್ರತಾಪಗಢಿ ತೀರ್ಪೂ ಓದ್ರಿ: ಮಾತಿನ ಪರಿಣಾಮಾನ ಗಟ್ಟಿ ಮನಸಿನ, ತಿಳುವಳಿಕಿ ಇರೋ ಮನಿಷ್ಯಾನ ಅಳತಿಯಿಂದ ನೋಡ್ರಿ, ಎಲ್ಲಾದ್ರಾಗೂ ಅಪಮಾನ ಕಾಣೋರ ಅಳತಿಯಿಂದಲ್ಲ ಅಂತ ಹೇಳ್ಯಾರ, ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚ, ಏಳಕ್ಕಿಂತ ಕಮ್ಮಿ ಶಿಕ್ಷೆ ಇರೋ ಮಾತಿನ ಕೇಸಿನಾಗ ಎಫ್‌ಐಆರ್ ಮೊದಲ 14 ದಿನದ ಒಳಗಿನ ಪ್ರಾಥಮಿಕ ವಿಚಾರಣೆಗೆ ಹೊಸಾ ಅಪರಾಧ ಪ್ರಕ್ರಿಯೆ ಕಾನೂನು ಬಿಎನ್‌ಎಸ್‌ಎಸ್‌ನ 173(3) ಬಳಸ್ರಿ ಅಂದಾರ. ನಾಳೆ ನೀವು ವಕೀಲರಾಗಿ ಸ್ಟೇಷನ್ನಿಗೆ ಹೋದಾಗ ಬಗಲಾಗ ಇರಬೇಕಾದ ಕಾಗದ ಇದು.

ಕಡೀಕ ಒಬ್ಬಾಕಿ ಹುಡುಗಿ ಕೇಳಿದ್ದು. ಅವರ ಗ್ಯಾದರಿಂಗಿಗೆ ಸ್ಕಿಟ್ ಬರದಾಳ, ಒಬ್ಬ ನಿಂಬಿಹಣ್ಣ ಮಂತ್ರಿಸಿ ಕೊಡೋ ಬಾಬಾ, ಒಬ್ಬ ತಾಯತ ಕಟ್ಟೋ ಮೌಲ್ವಿ, ಇಬ್ಬರೂ ಒಂದ ಅಂಗಡಿ ಬಾಡಿಗಿಗೆ ಜಗಳಾಡ್ತಾರ. ಗದ್ಲ ಆಗತೈತಿ, ಬ್ಯಾಡ ಅಂದಾರಂತ ಪ್ರಿನ್ಸಿಪಾಲರು. ಯಾರೋ ಗದ್ಲ ಮಾಡ್ತೀವಿ ಅಂದ್ರು ಅಂತ ಮಾತಿನ ಬಾಯಿ ಮುಚ್ಚಸಬಾರದು, ಮಾತಾಡೋರಿಗೆ ರಕ್ಷಣೆ ಕೊಡೋದು ಸರ್ಕಾರದ ಕೆಲಸ ಅಂತ 1989ರ ರಂಗರಾಜನ್ ಕೇಸಿನಾಗ ಐತಿ, ಅದನ್ನ ಪ್ರಿಂಟ್ ತಗಸಿಕೊಂಡ ಹೋಗು ಅಂದೆ. ಆಮ್ಯಾಲೆ ಸ್ಕ್ರಿಪ್ಟ್ ಓದಿಸಿದೆ. ಚಲೋ ಬರದಾಳ. ಒಂದು ಕಡೆ ಮೌಲ್ವಿ ಹತ್ರ ತಾಯತಕ್ಕ ಬಂದ ಹೆಣ್ಣಮಗಳ ಬುರ್ಖಾದ ಮ್ಯಾಲೆ ಒಂದು ಡೈಲಾಗ್ ಇತ್ತು. ಇದನ್ನ ತಗದ್ರ ಛಲೋ ನೋಡವಾ, ಕಾನೂನು ಕೇಳತೈತಿ ಅಂತಲ್ಲ, ಮೋಸ ಮಾಡಾಂವ ಮೌಲ್ವಿ, ನಗಿ ಮಾತ್ರ ಮೋಸ ಹೋದಾಕಿ ಮ್ಯಾಲೆ ಬೀಳಾಕ ಹತ್ತೈತಿ ಅಂದೆ. “ಆದ್ರ ಸರ್, ಪ್ರಾಕ್ಟೀಸ್‌ನಾಗ ಎಲ್ಲಾರೂ ಭಾಳ ನಗೋದು ಅಲ್ಲೇರಿ” ಅಂದ್ಲು. ನಗತಿರಬಹುದು, ಅದು ನಿನ್ನ ಸ್ಕಿಟ್, ಇಡಬೇಕೋ ತಗೀಬೇಕೋ ನೀನ ವಿಚಾರ ಮಾಡು, ಎರಡರಾಗ ಏನ್ ಮಾಡಿದ್ರೂ ಪ್ರಿನ್ಸಿಪಾಲರ ಹತ್ರ ಕೇಳಾಕ ಹೋಗೂಮುಂದ ನನಗ ಫೋನ್ ಹಚ್ಚು, ನಾನೂ ಬರ್ತೀನಿ ಅಂತ ನಂಬರ್ ಬರದ ಕೊಟ್ಟು ಬಂದೆ.